ಚಿತ್ತೆಯ ಮಳೆಯಲ್ಲಿ ಶರಾವತಿಯ ದಡ

ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಹೋದವರು ಸಮುದ್ರವನ್ನು ಹುಡುಕಬೇಕಾಗಿಲ್ಲ. ಕೆಳದಿಯ ಅರಸ ಸದಾಶಿವನಾಯಕನ ಕಾಲದಲ್ಲಿ ಕಟ್ಟಿದ ಕೆರೆಯಿಂದ ಆ ಊರಿಗೆ ಈ ಹೆಸರು ಬಂತೆಂದು ತಿಳಿದವರು ಹೇಳುತ್ತಾರೆ. ಆದರೆ 1964ರಿಂದೀಚೆಗೆ ಹೆಸರು ಮತ್ತೊಂದು ರೀತಿಯಲ್ಲಿ ಸಾರ್ಥಕವಾಗಿದೆ. ಲಿಂಗನಮಕ್ಕಿಯ ಬಳಿ ಶರಾವತಿಗೆ ಅಡ್ಡಲಾಗಿ ಎರಡು ಕಿಲೋಮೀಟರಿಗೂ ಮಿಕ್ಕಿದ ಅಣೆಕಟ್ಟು ಎದ್ದುನಿಂತ ಮೇಲೆ, ಹೊಳೆಯು ಹಿಂದಕ್ಕೆ ಸರಿದು, ಕಣಿವೆ ಕಣಿವೆಗಳಲ್ಲಿ ನುಗ್ಗಿ, ಬೆಟ್ಟಗಳ ನೆತ್ತಿಗಳನ್ನು ದ್ವೀಪಗಳನ್ನಾಗಿ ಮಾಡಿ, ಸುಮಾರು 300 ಚದರ ಕಿಲೋಮೀಟರಿನಷ್ಟು ವಿಸ್ತಾರವಾಗಿ ಹಬ್ಬಿಕೊಂಡಿದೆ. ಪುಸ್ತಕಗಳಲ್ಲಿ ಅದು ಜಲಾಶಯ. ಅಲ್ಲಿಯ ಜನರ ಬಾಯಲ್ಲಿ ಬರಿಯ ‘ಹಿನ್ನೀರು.’

ಈ ಹಿನ್ನೀರಿನ ದಡದಲ್ಲಿ ಡೇರೆ ಹೂಡಿ ಮೂರು ದಿನ ಕಳೆಯಬೇಕೆಂಬುದು ಮಕ್ಕಳ ಬಹುಕಾಲದ ಹಟ. ದಸರೆಯ ರಜೆ ಅದಕ್ಕೆ ಅನುಕೂಲವಾಗಿ ಒದಗಿತು. ಸಹೋದ್ಯೋಗಿಯೊಬ್ಬರ ಅಣ್ಣನವರು ಸಾಗರದಿಂದ ಅಂಬಾರಗೋಡ್ಲಿಗೆ ಹೋಗುವ ದಾರಿಯಲ್ಲಿ ಅಡಕೆ ತೋಟ ಮಾಡಿಕೊಂಡಿದ್ದಾರೆ. ಅವರ ಬ್ಯಾಣದ ಕೆಳಗಿನ ಅಂಚು ನೀರನ್ನು ಮುಟ್ಟುತ್ತದೆ. ಬ್ಯಾಣವೆಂದರೆ ಮಲೆನಾಡಿನಲ್ಲಿ ಹುಲ್ಲು ಬೆಳೆಯುವ ಇಳಿಜಾರಿನ ನೆಲ. ಅಲ್ಲಿ ಡೇರೆ ಹಾಕಿಕೊಳ್ಳಲು ಅವರು ಸಂತೋಷದಿಂದ ಒಪ್ಪಿದರು. ನಾನು, ಶ್ರೀಮತಿ, ಹದಿಮೂರರ ಮಗಳು, ಎಂಟರ ಮಗ, ಎಪ್ಪತ್ತೈದು ದಾಟಿದ ನನ್ನ ತಾಯಿ – ಹೀಗೆ ಐವರು ಬೆಂಗಳೂರಿನಿಂದ ರಾತ್ರಿಯ ರೈಲು ಹಿಡಿದು ಬೆಳಗಿನ ಹೊತ್ತಿಗೆ ಸಾಗರದಲ್ಲಿ ಇಳಿದೆವು.

ತಾಯಿಯವರನ್ನು ಡೇರೆಯ ವಾಸಕ್ಕೆ ಕರೆದುಕೊಂಡು ಹೋಗುವುದೆ ಎಂದು ನೆಂಟರಿಷ್ಟರು ಆಕ್ಷೇಪಿಸಿದ್ದುಂಟು. ಆದರೆ ಹೊರಡುವ ಮಾತು ಬಂದಾಗ ಎಲ್ಲರಿಗಿಂತ ಮೊದಲು ಚೀಲ ಸಿದ್ಧಮಾಡಿಕೊಂಡವರು ಅವರೇ. ಅವರ ತವರು ಮುಳುಗಡೆಯಾದ ಊರು ಎಂಬುದು ನಮಗೆಲ್ಲ ತಿಳಿದಿತ್ತು. ತಿಳಿದಿದ್ದುದು ಅಷ್ಟು ಒಂದು ವಾಕ್ಯ ಮಾತ್ರ.

ಕುರುಡು ಚಿತ್ತೆ

ಅಕ್ಟೋಬರ್ ತಿಂಗಳ ನಡುವಿನಲ್ಲಿ ಸುರಿಯುವ ಮಳೆ ಚಿತ್ತೆಯದು. ಹಸ್ತೆ ಮುಗಿದು ಸ್ವಾತಿ ಹುಟ್ಟುವ ನಡುವಣ ಹದಿಮೂರು ಹದಿನಾಲ್ಕು ದಿನ ಆಕೆಯ ಆಳ್ವಿಕೆ. ನಮ್ಮ ರೈತರು ಚಿತ್ತೆಯನ್ನು ಕುರುಡಿ ಎನ್ನುತ್ತಾರೆ. ಎತ್ತ ಎರಚುವಳೋ ಆಕೆಗೇ ತಿಳಿಯದು. ಈ ಗದ್ದೆ ತೊಯ್ದರೆ ಬೇಲಿಯಾಚೆಯ ಗದ್ದೆ ಒಣಗಿಯೇ ಇರುತ್ತದೆ. ಆಷಾಢ ಶ್ರಾವಣಗಳ ಮಳೆಗಾದರೆ ಒಂದು ಕ್ರಮವುಂಟು. ಪಡುವಣ ಗಾಳಿ ಕಡಲಿನ ಮೋಡಗಳನ್ನು ತಂದು ಘಟ್ಟಕ್ಕೆ ಒತ್ತುತ್ತದೆ. ಮಳೆ ವಾರಗಟ್ಟಲೆ ಒಂದೇ ಸಮನೆ ಹೊಯ್ಯುತ್ತದೆ. ಅಕ್ಟೋಬರಿನಲ್ಲಿ ಆ ಗಾಳಿ ಹಿಂದೆಗೆದಿರುತ್ತದೆ. ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಚುರುಕು ಬಿಸಿಲು. ಆ ಬಿಸಿಲಿಗೆ ಕಾದ ನೆಲದಿಂದ ತೇವದ ಗಾಳಿ ಮೇಲೇರಿ ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡವಾಗುತ್ತದೆ. ಸಂಜೆಗೆ ಆ ಮೋಡ ಎಲ್ಲಿ ಒಡೆಯುವುದೆಂದು ಹೇಳುವುದು ಪಂಚಾಂಗಕ್ಕೂ ಕಷ್ಟ, ಮಗನ ಕೈಯಲ್ಲಿದ್ದ ಮೊಬೈಲಿಗೂ ಕಷ್ಟ. ಆ ಯಂತ್ರವಂತೂ ಹನಿ ಬೀಳುತ್ತಿರುವಾಗಲೇ ‘ನಿರಭ್ರ ಆಕಾಶ’ವೆಂದು ತೋರಿಸಿ ಅಜ್ಜಿಯವರ ನಗೆಗೆ ಗುರಿಯಾಯಿತು.

ಮೊದಲ ದಿನ ಬಿಸಿಲು ನಮಗೆ ಉದಾರವಾಗಿಯೇ ಒಲಿಯಿತು. ಇಳಿಜಾರಿನಲ್ಲಿ ಸಮತಟ್ಟಾದ ಒಂದು ಜಾಗವನ್ನು ಆರಿಸಿ ಎರಡು ಡೇರೆಗಳನ್ನು ಹೂಡಿದೆವು. ಮನೆಯ ಯಜಮಾನರು ಗುದ್ದಲಿ ತಂದು, ಡೇರೆಯ ಮೇಲುಭಾಗದಲ್ಲಿ ಅರ್ಧಚಂದ್ರಾಕಾರವಾಗಿ ಗೇಣುದ್ದ ಆಳದ ಕಾಲುವೆ ತೆಗೆದುಕೊಟ್ಟರು. ಮೇಲಿಂದ ಹರಿದುಬಂದ ನೀರು ಹಾಸಿಗೆಯ ಕೆಳಗೆ ನುಗ್ಗದೆ ಪಕ್ಕಕ್ಕೆ ಇಳಿದುಹೋಗುವಂತೆ ಅದರ ಏರ್ಪಾಟು. ಗೂಟಗಳನ್ನು ನೆಟ್ಟಗೆ ಹೊಡೆಯದೆ ಹೊರಕ್ಕೆ ವಾಲಿಸಿ ಹೊಡೆಯಬೇಕೆಂದೂ, ಒದ್ದೆಯಾದ ನೆಲದಲ್ಲಿ ಗೂಟದ ಮೇಲೊಂದು ಕಲ್ಲು ಹೇರಬೇಕೆಂದೂ ಹೇಳಿಕೊಟ್ಟರು. ಇಂಬಳಗಳಿಗಾಗಿ ಒಂದು ಬಟ್ಟೆಗಂಟಿನಲ್ಲಿ ಸುಣ್ಣ, ಹೊಗೆಸೊಪ್ಪು ಕೊಟ್ಟರು. ಮಗನು ಆ ಗಂಟನ್ನು ಖಡ್ಗದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರು ದಿನವೂ ತಿರುಗಿದ.

ಮಧ್ಯಾಹ್ನದ ಊಟಕ್ಕೆ ಚಿತ್ರಾನ್ನ, ಮನೆಯಿಂದ ಬಂದ ತಂಬುಳಿ, ಅಪ್ಪೆಮಿಡಿಯ ಉಪ್ಪಿನಕಾಯಿ. ಎದುರಿಗೆ ನೀರು. ಅದರ ಬಣ್ಣ ಗಳಿಗೆಗೊಂದು ಬಗೆ: ಮೋಡವಿಲ್ಲದಾಗ ನೀಲಿ, ಬಿಳಿಮೋಡ ಹಾದಾಗ ಸೀಸದ ಬೂದಿ, ದಡದ ಕಾಡಿನ ನೆರಳಿನಲ್ಲಿ ಕಪ್ಪಿಗೆ ಸಮೀಪದ ಹಸಿರು. ಹಿನ್ನೀರಿನ ದಡ ಸಹಜ ಸರೋವರದ ದಡದಂತಲ್ಲ. ಮರಳಿಲ್ಲ, ಜೊಂಡಿಲ್ಲ, ಹುಲ್ಲಿನ ಗುಡ್ಡ ಇದ್ದಕ್ಕಿದ್ದಂತೆ ನೀರೊಳಗೆ ಇಳಿದುಹೋಗುತ್ತದೆ. ದಡದಲ್ಲಿ ಕುಳಿತವನು ವಾಸ್ತವವಾಗಿ ಒಂದು ಬೆಟ್ಟದ ಹೆಗಲಿನ ಮೇಲೆ ಕುಳಿತಿರುತ್ತಾನೆಂಬುದು ಮೊದಲ ನೋಟಕ್ಕೆ ಹೊಳೆಯುವುದಿಲ್ಲ. ಮಗಳಿಗೆ ಹೊಳೆಯಿತು. “ಅಜ್ಜೀ, ಹಾಗಾದರೆ ಬೆಟ್ಟದ ಕಾಲು ಎಲ್ಲಿದೆ?” ಎಂದು ಕೇಳಿದಳು. ತಾಯಿಯವರು ನೀರನ್ನೇ ನೋಡುತ್ತಿದ್ದು, “ಕಾಲ ಹತ್ತಿರವೇ ಕಣೇ ನಮ್ಮ ಮನೆ ಇದ್ದದ್ದು,” ಎಂದರು.

ಜಗಲಿಯ ಮೇಲೆ ಒಂದು ರಾತ್ರಿ

ಅಂದು ಸಂಜೆ ಐದರ ಸುಮಾರಿಗೆ ಗಾಳಿ ನಿಂತಿತು. ಎಲೆ ಅಲುಗಲಿಲ್ಲ. ಕಾಲು ಗಂಟೆಯ ಬಳಿಕ ಬೇರೊಂದು ದಿಕ್ಕಿನಿಂದ ತಣ್ಣನೆಯ ಗಾಳಿ ರಭಸವಾಗಿ ಬೀಸಿತು. ದೂರದಲ್ಲಿ ಆಗಲೇ ಸುರಿಯುತ್ತಿರುವ ಮಳೆಯೊಡನೆ ಕೆಳಗಿಳಿದ ಗಾಳಿ ನೆಲಕ್ಕೆ ಬಡಿದು ಮುಂದೆ ಮುಂದೆ ಓಡಿಬರುತ್ತದೆ. ಬಲ್ಲವರಿಗೆ ಅದೇ ಮುನ್ಸೂಚನೆ. ಯಜಮಾನರು ಬ್ಯಾಣವನ್ನಿಳಿದು ಬಂದು, “ಎಲ್ಲರೂ ಮನೆಗೆ ನಡೆಯಿರಿ. ಮಳೆಗೆ ಡೇರೆ ಸಾಕು, ಸಿಡಿಲಿಗೆ ಸಾಲದು,” ಎಂದು ನಮ್ಮನ್ನು ಎಬ್ಬಿಸಿದರು. ಬಟ್ಟಬಯಲಿನ ಡೇರೆಯಾಗಲಿ ಒಂಟಿಮರದ ಬುಡವಾಗಲಿ ಸಿಡಿಲಿನ ಹೊತ್ತಿಗೆ ತಂಗತಕ್ಕ ಸ್ಥಳಗಳಲ್ಲ. ನಾವು ಹೆಂಚಿನ ಮನೆಯ ಜಗಲಿಯನ್ನು ಏರುವುದಕ್ಕೂ ಮೊದಲ ಮಿಂಚು ನೀರಿನುದ್ದಕ್ಕೂ ಹರಿಯುವುದಕ್ಕೂ ಸರಿಹೋಯಿತು. ಒಡನೆಯೇ ವಿದ್ಯುತ್ತೂ ಹೋಯಿತು. ಮನೆಯಾಕೆ ಎಣ್ಣೆಯ ದೀಪವೊಂದನ್ನು ತಂದಿಟ್ಟರು.

ಆ ಜಗಲಿಯ ಮೂಲೆಯಲ್ಲಿ ಯಜಮಾನರ ತಂದೆ, ಎಂಬತ್ತು ದಾಟಿದ ಅಜ್ಜ, ಕಂಬಳಿ ಹೊದ್ದು ಕುಳಿತಿದ್ದರು. ಮಾತಿಗೆ ಮಾತು ಬೆಳೆದು ತಾಯಿಯವರು ತಮ್ಮ ತವರೂರಿನ ಹೆಸರು ಹೇಳಿದರು. ಈಗಿನ ನಕ್ಷೆಗಳಲ್ಲಿ ಆ ಹೆಸರಿಲ್ಲ. ಅಜ್ಜನವರು ಮಾತ್ರ ದೀಪದ ಕುಡಿಯನ್ನು ದೊಡ್ಡದು ಮಾಡಿ, “ಯಾರ ಮನೆ ಮಗಳು ನೀನು, ತಂಗಿ?” ಎಂದು ವಿಚಾರಿಸಿದರು. ಮನೆತನದ ಹೆಸರು ಹೇಳುತ್ತಲೇ, “ದೇವಸ್ಥಾನದ ಕೆಳಗಿನ ಮನೆಯಲ್ಲವೇ? ಅಂಗಳದಲ್ಲಿ ಹಲಸಿನ ಮರ. ಅದರ ತುದಿ ನೀರು ನಿಂತ ಮೇಲೂ ಒಂದು ವರ್ಷ ಕಾಣುತ್ತಿತ್ತು,” ಎಂದರು.

ನನ್ನ ತಾಯಿ ಅರುವತ್ತು ವರ್ಷಗಳಿಂದ ಆಡದೆ ಇಟ್ಟುಕೊಂಡಿದ್ದ ಮಾತುಗಳು ಆ ರಾತ್ರಿ ಹೊರಬಂದವು. ಊರು ಬಿಟ್ಟಾಗ ಅವರಿಗೆ ಹದಿಮೂರು ವರ್ಷ. ಮನೆಯ ಹೆಂಚುಗಳನ್ನು ಒಂದೊಂದಾಗಿ ಇಳಿಸಿ, ಎಣಿಸಿ, ಗಾಡಿಗೆ ತುಂಬಿದ್ದು. ಬಾಗಿಲುವಾಡಗಳನ್ನು ಕಿತ್ತು ಹಗ್ಗದಲ್ಲಿ ಬಿಗಿದದ್ದು. ದನಗಳು ಎರಡು ದಿನ ನಡೆದದ್ದು. ಕೀಳಲು ಬಾರದ ತುಳಸೀಕಟ್ಟೆಯನ್ನು ಹಾಗೆಯೇ ಬಿಟ್ಟು, ತಾಯಿ ಅದಕ್ಕೆ ಕೊನೆಯ ಬಾರಿಗೆ ನೀರು ಹಾಕಿದ್ದು. “ನೀರಲ್ಲೇ ಮುಳುಗುವ ಗಿಡಕ್ಕೆ ನೀರು ಯಾಕೆ ಹಾಕ್ತೀ ಅಂತ ನಾನು ಕೇಳಿದೆ. ಅಮ್ಮ ಏನೂ ಹೇಳಲಿಲ್ಲ.” ಅಜ್ಜನವರು ತಮ್ಮ ಕಡೆಯ ಲೆಕ್ಕವನ್ನೂ ಹೇಳಿದರು: ಅವರ ಮನೆ ಎತ್ತರದಲ್ಲಿದ್ದುದರಿಂದ ಉಳಿಯಿತು, ಗದ್ದೆ ಹೋಯಿತು. ತೋಟವನ್ನು ಗುಡ್ಡದ ಮೇಲೆ ಹೊಸದಾಗಿ ಎಬ್ಬಿಸಬೇಕಾಯಿತು.

ಹೊರಗೆ ಮಳೆ ಹೆಂಚಿನ ಮೇಲೆ ಮಾತು ಕೇಳಿಸದಷ್ಟು ಜೋರಾಗಿ ಹೊಯ್ಯುತ್ತಿತ್ತು. ಕೇಳಿಸದಾಗ ಇಬ್ಬರೂ ಸುಮ್ಮನಾಗುವರು. ಇಳಿದಾಗ ಬಿಟ್ಟಲ್ಲಿಂದ ಮುಂದುವರಿಸುವರು. ಮಗಳು ತನ್ನ ಟಿಪ್ಪಣಿ ಪುಸ್ತಕದಲ್ಲಿ ಮನೆಗಳ ಹೆಸರನ್ನು ಸಾಲಾಗಿ ಬರೆದುಕೊಂಡಳು: ಕೆಳಗಿನ ಮನೆ, ಮೇಲಿನ ಮನೆ, ಹೊಳೆ ಅಂಚಿನ ಮನೆ. ಆಕಾಶ ಅಂದು ಶುಭ್ರವಾಗಿದ್ದಿದ್ದರೆ ನಾವು ಡೇರೆಯಲ್ಲೇ ಮಲಗಿ ನಕ್ಷತ್ರಗಳನ್ನು ಎಣಿಸುತ್ತಿದ್ದೆವು. ಆ ಪಟ್ಟಿ ನಮ್ಮ ಮನೆಗೆ ಬರುತ್ತಿರಲಿಲ್ಲ.

ನೀರಿನ ಕೆಳಗಿನ ಲೆಕ್ಕ

ಶರಾವತಿಯ ಕಥೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರು ಧುಮುಕಿ, ಹೊನ್ನಾವರದ ಬಳಿ ಕಡಲನ್ನು ಸೇರುವ ಈ ನದಿಯ ಒಟ್ಟು ಓಟ ಸುಮಾರು 128 ಕಿಲೋಮೀಟರು ಮಾತ್ರ. ಇಷ್ಟು ಚಿಕ್ಕ ನದಿಗೆ ಇಷ್ಟು ದೊಡ್ಡ ಶಕ್ತಿಯನ್ನು ಕೊಟ್ಟದ್ದು ಘಟ್ಟದ ಮಳೆ ಮತ್ತು ಘಟ್ಟದ ಎತ್ತರ. ಮೊದಲು ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟು ಎದ್ದಿತು. ಅದರ ನೀರಿನಿಂದ ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. ಅದು ಸಾಲದೆಂದು ಲಿಂಗನಮಕ್ಕಿಯ ಕಟ್ಟೆ ಬಂದಾಗ, ಊರುಗಳ ಜೊತೆಗೆ ಆ ಹಳೆಯ ಅಣೆಕಟ್ಟೂ ಮುಳುಗಿತು. ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷ ಅದು ತಲೆಯೆತ್ತುತ್ತದೆ; ಮಡೆನೂರು ಅಣೆಕಟ್ಟೆಂದು ಅದನ್ನು ನೋಡಲು ಜನ ಹೋಗುತ್ತಾರೆ.

ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ತುಂಬಿದಾಗ ಅದು ಹಿಡಿಯುವ ನೀರು ಸುಮಾರು 150 ಟಿ.ಎಂ.ಸಿ. ಆ ನೀರು ತಲಕಳಲೆಗೆ ಹರಿದು, ಅಲ್ಲಿಂದ ಕೊಳವೆಗಳಲ್ಲಿ ಘಟ್ಟದ ಕೆಳಗಿಳಿದು, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು 1965ರಲ್ಲಿ ದೇಶಕ್ಕೆ ಅರ್ಪಿಸಿದ ಈ ಯೋಜನೆಯ ಸಾಮರ್ಥ್ಯ ಪೂರ್ಣಗೊಂಡಾಗ 1035 ಮೆಗಾವಾಟು. ಬೆಂಗಳೂರಿನ ಕಾರ್ಖಾನೆಗಳು ಬೆಳೆದದ್ದರಲ್ಲಿ, ನಮ್ಮಂಥವರ ಬಡಾವಣೆಗಳಲ್ಲಿ ದೀಪ ಬೆಳಗಿದ್ದರಲ್ಲಿ ಈ ನೀರಿನ ಪಾಲು ದೊಡ್ಡದು. ಆ ದೀಪದ ಕೆಳಗೆ ಓದಿ ಮುಂದೆ ಬಂದವರಲ್ಲಿ ನಾನೂ ಒಬ್ಬ.

ಮುಳುಗಡೆಯವರ ಪಾಲಿನ ಲೆಕ್ಕ ಬೇರೆಯೇ. ನನ್ನ ತಾತನವರು ಹೊಸ ಜಾಗದಲ್ಲಿ ಹತ್ತು ಹನ್ನೆರಡು ವರ್ಷ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಉಂಡರೆಂದು ತಾಯಿ ಹೇಳುತ್ತಾರೆ. ಬದಲಿ ಭೂಮಿ ಪಡೆದ ಅನೇಕ ಸಂಸಾರಗಳ ಹಕ್ಕುಪತ್ರದ ಪ್ರಶ್ನೆ ಅರುವತ್ತು ವರ್ಷ ಕಳೆದರೂ ಪೂರ್ತಿಯಾಗಿ ಇತ್ಯರ್ಥವಾಗಿಲ್ಲ. ಈ ದುಃಖವನ್ನು ಕನ್ನಡಿಗರಿಗೆ ಮುಟ್ಟಿಸಿದವರು ಸಾಗರದವರೇ ಆದ ನಾ. ಡಿಸೋಜ. ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಓದಿದವರು ಬಹಳ. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ತೆರೆಗೆ ತಂದರು. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು.

ದೋಣಿಯಲ್ಲಿ

ಎರಡನೆಯ ದಿನ ತಾಯಿಯವರನ್ನು ಆ ಊರಿದ್ದ ಜಾಗದವರೆಗೆ ದೋಣಿಯಲ್ಲಿ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಯಜಮಾನರಿಗೆ ಪರಿಚಿತನಾದ ದೋಣಿಯವನೊಬ್ಬ ಒಪ್ಪಿದ. ಏಳು ಗಂಟೆಗೆ ಹೊರಡುವ ಯೋಚನೆ. ಆದರೆ ಕಣ್ಣು ಬಿಟ್ಟಾಗ ನೀರೂ ಇಲ್ಲ, ಎದುರಿನ ಗುಡ್ಡವೂ ಇಲ್ಲ. ಹಾಲಿನಂಥ ಮಂಜು ಡೇರೆಯ ಬಾಗಿಲವರೆಗೆ ಬಂದು ನಿಂತಿತ್ತು. ಅದು ಕರಗಿ ದಾರಿ ಕಾಣುವ ಹೊತ್ತಿಗೆ ಒಂಬತ್ತೂವರೆ. ಪ್ರತಿಯೊಬ್ಬರಿಗೂ ತೇಲುವ ಅಂಗಿಯನ್ನು ತೊಡಿಸಿ, ಅದರ ಪಟ್ಟಿಗಳನ್ನು ತಾನೇ ಎಳೆದು ನೋಡಿದ ಮೇಲಲ್ಲದೆ ದೋಣಿಯವನು ಹಗ್ಗ ಬಿಚ್ಚಲಿಲ್ಲ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಅಜ್ಜಿಯವರನ್ನು ಕಂಡು ಮೊಮ್ಮಗ ಹೊಟ್ಟೆ ಹಿಡಿದು ನಕ್ಕ, ಅಜ್ಜಿಯೂ ನಕ್ಕರು.

ನೀರಿನ ಮೇಲೆ ದಾರಿ ಹುಡುಕುವುದು ಗುಡ್ಡಗಳ ಗುರುತಿನಿಂದ. ಯಾವ ಗುಡ್ಡದ ಹಿಂದೆ ಯಾವ ಗುಡ್ಡ ಎಷ್ಟು ಕಾಣುತ್ತದೆ ಎಂಬುದನ್ನು ನೋಡಿ ಎಲ್ಲಿದ್ದೇವೆಂದು ದೋಣಿಯವನು ಹೇಳುತ್ತಿದ್ದ. ತಾಯಿಯವರಿಗೆ ಮೊದಲು ಏನೂ ಗುರುತು ಹತ್ತಲಿಲ್ಲ. ಅವರು ಆ ಗುಡ್ಡಗಳನ್ನು ಕಂಡದ್ದು ಕೆಳಗಿನಿಂದ, ಗದ್ದೆಯ ಬದುವಿನಲ್ಲಿ ನಿಂತು. ಈಗ ನೋಡುತ್ತಿದ್ದುದು ಅವುಗಳ ಸೊಂಟದ ಮಟ್ಟದಿಂದ. ಮುಕ್ಕಾಲು ಗಂಟೆ ಹೋದ ಮೇಲೆ, ಜೋಡಿ ನೆತ್ತಿಯ ಒಂದು ಗುಡ್ಡ ತಿರುವಿನಾಚೆಯಿಂದ ಅರ್ಧ ಮುಖ ತೋರಿಸಿತು. ತಾಯಿಯವರು ಬೆರಳು ಚಾಚಿದರು. “ಅದೇ. ಅದರ ನೆರಳು ಮಧ್ಯಾಹ್ನ ನಮ್ಮ ಅಂಗಳಕ್ಕೆ ಬರುತ್ತಿತ್ತು.”

ಆ ತಿರುವನ್ನು ದಾಟಲು ಇನ್ನು ಹತ್ತು ನಿಮಿಷದ ದಾರಿ. ಅಷ್ಟರಲ್ಲಿ ಗಾಳಿ ನಿಂತಿತು. ಅಂದು ಮೋಡ ಸಂಜೆಯವರೆಗೆ ಕಾಯಲಿಲ್ಲ. ಮೂಡಲ ದಿಕ್ಕಿನಲ್ಲಿ ಆಗಲೇ ಹೊಗೆಯ ಬಣ್ಣದ ರಾಶಿ ಎದ್ದಿತ್ತು. ದೋಣಿಯವನು ಯಂತ್ರವನ್ನು ನಿಧಾನಮಾಡಿ ಆ ಕಡೆಗೇ ನೋಡಿ, “ಅಮ್ಮಾ, ಇವತ್ತು ಬೇಡ. ಈ ಅಗಲದಲ್ಲಿ ಗಾಳಿ ಸಿಕ್ಕಿದರೆ ಅಲೆ ಕಟ್ಟೆಯಷ್ಟು ಏಳ್ತದೆ,” ಎಂದ. ಹತ್ತೇ ನಿಮಿಷವಲ್ಲವೇ ಎಂದು ಕೇಳುವಷ್ಟರಲ್ಲಿ ತಾಯಿಯವರೇ ನನ್ನ ಕೈ ಹಿಡಿದು ತಡೆದರು. “ಬಲ್ಲವನು ಬೇಡ ಅಂದ ಮೇಲೆ ಮುಗಿಯಿತು. ಮಕ್ಕಳಿದ್ದಾವೆ. ತಿರುಗಿಸಪ್ಪಾ.” ಹಿಂದಿರುಗುವಾಗ ಅವರು ಒಮ್ಮೆಯೂ ಹಿಂದಕ್ಕೆ ನೋಡಲಿಲ್ಲ. ನಾವು ದಡ ಹತ್ತಿ ಜಗಲಿ ಸೇರಿದ ಮೇಲೆ ಬಿದ್ದ ಗಾಳಿಮಳೆಯನ್ನು ಕಂಡಾಗ, ಆ ಮನುಷ್ಯನ ಕಣ್ಣಿಗೆ ಎಲ್ಲರೂ ಮನಸ್ಸಿನಲ್ಲೇ ನಮಸ್ಕರಿಸಿದೆವು. ಡೇರೆಗಳಲ್ಲಿ ಒಂದು ಮಗುಚಿತ್ತು. ಕಲ್ಲು ಹೇರಿದ್ದ ಗೂಟಗಳ ಡೇರೆ ನಿಂತೇ ಇತ್ತು.

ಹತ್ತು ನಿಮಿಷದ ಬೆಳಕು

ಮೂರನೆಯ ದಿನ ಬೆಳಗಿನಿಂದಲೂ ಜಿನುಗು. ರಾತ್ರಿಗೆ ರೈಲು. ದೋಣಿಯ ಮಾತೆತ್ತುವಂತಿರಲಿಲ್ಲ. ಬರಿಗೈಯಲ್ಲಿ ಹಿಂದಿರುಗುವುದು ಬೇಡವೆಂದು ಯಜಮಾನರು ತಮ್ಮ ವಾಹನದಲ್ಲಿ ನಮ್ಮನ್ನು ಸಿಗಂದೂರಿಗೆ ಕರೆದೊಯ್ದರು.

ಚೌಡೇಶ್ವರಿಯ ದರ್ಶನಕ್ಕೆ ಹಿಂದೆ ಹೋದವರಿಗೆ ಹೊಳೆಬಾಗಿಲಿನ ಲಾಂಚು ಮರೆಯದು. ಕಾರು, ಬಸ್ಸು, ಜನ ಎಲ್ಲವನ್ನೂ ಹೊತ್ತು ಅದು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ದಾಟಿಸುತ್ತಿತ್ತು. ಯಾತ್ರಿಕರಿಗೆ ಅದೊಂದು ಮೋಜು. ಆಚೆ ದಡದ ಹಳ್ಳಿಗಳಿಗೆ ಮಾತ್ರ ಅದೇ ಹೆದ್ದಾರಿ. ಲಾಂಚು ನಿಂತ ಹೊತ್ತಿನಲ್ಲಿ ಹೆರಿಗೆಯ ನೋವು ಬಂದರೂ, ಹಾವು ಕಚ್ಚಿದರೂ, ಸಾಗರದ ಆಸ್ಪತ್ರೆಗೆ ಬಹುದೂರದ ಸುತ್ತುದಾರಿಯೇ ಗತಿ. ಹಿನ್ನೀರು ಬಂದು ಆರು ದಶಕಗಳ ನಂತರ, 2025ರ ಜುಲೈಯಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ಸಂಚಾರಕ್ಕೆ ತೆರೆಯಿತು. ನಡುವಿನ ಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ತಂತಿಹಗ್ಗಗಳು ಹಿಡಿದಿವೆ. ಅಷ್ಟು ಕಾಲ ಗಂಟೆಗಟ್ಟಲೆ ಕಾಯಿಸಿದ ನೀರನ್ನು ಈಗ ಕೆಲವೇ ನಿಮಿಷಗಳಲ್ಲಿ ದಾಟಬಹುದು.

ದೇವಿಯ ದರ್ಶನ ಮುಗಿಸಿ ಹಿಂದಿರುಗಿ ಈಚೆ ದಡಕ್ಕೆ ಬಂದಾಗ, ಜಿನುಗು ಥಟ್ಟನೆ ನಿಂತಿತು. ಪಡುವಣದಲ್ಲಿ ಮೋಡ ಹರಿದು, ಓರೆಯಾದ ಬಿಸಿಲು ನೀರಿನ ಮೇಲೆ ಬಿತ್ತು. ವಾಹನವನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಇಳಿದೆವು. ಮಳೆ ತೊಳೆದ ಗಾಳಿಯಲ್ಲಿ, ಎರಡು ದಿನ ಕಾಣದಿದ್ದ ದೂರದ ಗುಡ್ಡಗಳು ಸಾಲುಸಾಲಾಗಿ ಎದ್ದು ನಿಂತಿದ್ದವು. ಅವುಗಳ ನಡುವೆ ಜೋಡಿ ನೆತ್ತಿಯ ಗುಡ್ಡ, ಈ ಬಾರಿ ಪೂರ್ತಿಯಾಗಿ. ಅದರ ಬುಡದಲ್ಲಿ ಬೆಳ್ಳಿಯ ತಗಡಿನಂತೆ ನೀರು.

ತಾಯಿಯವರು ಮೊಮ್ಮಗಳನ್ನು ಹತ್ತಿರ ಕರೆದು, ಟಿಪ್ಪಣಿ ಪುಸ್ತಕ ತೆಗೆಯಲು ಹೇಳಿದರು. ಗುಡ್ಡದ ಎಡಕ್ಕೆ ದೇವಸ್ಥಾನ, ಅದರ ಕೆಳಗೆ ನಮ್ಮ ಮನೆ, ಬಲಕ್ಕೆ ಗದ್ದೆಯ ಕೋಗು, ಅದರಾಚೆ ಹೊಳೆ ಎಂದು ಬೆರಳಿನಿಂದ ಗಾಳಿಯಲ್ಲಿ ಊರನ್ನು ಬರೆದು ತೋರಿಸಿದರು. ಮಗಳು ಅದನ್ನು ಕಾಗದದ ಮೇಲೆ ಬರೆದುಕೊಂಡಳು. ಅತ್ತುಬಿಡುವರೇನೋ ಎಂದು ನಾವು ಹೆದರಿದ್ದೆವು, ಅವರು ಅಳಲಿಲ್ಲ. “ಹೊಳೆ ಅಂಚಿನ ಮನೆಯನ್ನು ಇನ್ನೂ ಸ್ವಲ್ಪ ಕೆಳಗೆ ಹಾಕು, ಅಲ್ಲಲ್ಲ,” ಎಂದು ತಿದ್ದಿದರು. ನಕ್ಷೆ ಮುಗಿಯುವ ಹೊತ್ತಿಗೆ ಮತ್ತೆ ಹನಿ ಬಿತ್ತು. ಕುರುಡು ಚಿತ್ತೆ ಹತ್ತು ನಿಮಿಷ ಕಣ್ಣು ತೆರೆದು ಮುಚ್ಚಿಕೊಂಡಿದ್ದಳು.

ಹೋಗುವವರಿಗೆ

ಸಾಗರವು ಬೆಂಗಳೂರಿನಿಂದ ಸುಮಾರು 350 ಕಿಲೋಮೀಟರು. ಬಸ್ಸೂ ಉಂಟು, ರೈಲೂ ಉಂಟು. ಕೆಳದಿ ಮತ್ತು ಇಕ್ಕೇರಿಯ ದೇವಾಲಯಗಳು ಹತ್ತಿರದಲ್ಲೇ ಇವೆ. ಮಳೆ ಹಿಡಿದ ಅರ್ಧ ದಿನವನ್ನು ಇಕ್ಕೇರಿಯ ಅಘೋರೇಶ್ವರನ ಕಲ್ಲಿನ ಮಂಟಪದಲ್ಲಿ ಕಳೆದರೆ ನಷ್ಟವಿಲ್ಲ. ಹಿನ್ನೀರಿನ ದಡದಲ್ಲಿ ಎಲ್ಲೆಂದರಲ್ಲಿ ಡೇರೆ ಹಾಕುವಂತಿಲ್ಲ. ಕಾಡಾದರೆ ಇಲಾಖೆಯ ಅನುಮತಿ, ಖಾಸಗಿ ನೆಲವಾದರೆ ಯಜಮಾನರ ಒಪ್ಪಿಗೆ ಮೊದಲೇ ಬೇಕು. ಓಡಿಹೋಗಿ ಸೇರಬಹುದಾದಷ್ಟು ದೂರದಲ್ಲಿ ಒಂದು ಹೆಂಚಿನ ಮನೆ ಇರಲಿ. ದಡ ಕಡಿದಾಗಿ ಇಳಿಯುವುದರಿಂದಲೂ, ಒಳಗೆ ಮರದ ಬೊಡ್ಡೆಗಳಿರುವುದರಿಂದಲೂ ಈಜಲು ಇಳಿಯುವುದು ಸಲ್ಲದು. ಗಾಳಿ ಒಮ್ಮೆಗೇ ನಿಂತರೆ ನೀರಿನಿಂದ ಮೇಲಕ್ಕೆ ಬನ್ನಿ. ಒಣ ಬಟ್ಟೆಯ ಒಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯಾಗಿ ಕಟ್ಟಿಡಿ.

ಮಳೆ ಬಂತೆಂದು ರಜೆ ಹಾಳಾಯಿತೆನ್ನುವವರು ಈ ದಡಕ್ಕೆ ಬಾರದಿರುವುದೇ ಒಳ್ಳೆಯದು. ಇಲ್ಲಿ ಇರುವುದೆಲ್ಲ ಮಳೆಯೇ. ಮನೆಯಲ್ಲಿ ಮಲೆನಾಡಿನ ಹಿರಿಯರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೊರಡಿ, ಮಕ್ಕಳ ಕೈಯಲ್ಲಿ ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ಕೊಡಿ. ಆ ಊರುಗಳನ್ನು ಕಣ್ಣಾರೆ ಕಂಡವರು ಇನ್ನು ಹೆಚ್ಚು ಜನ ಉಳಿದಿಲ್ಲ.